ಬಾಗಿಲೊಳಗಿನ ನೀರು

ಮಂಗಳವಾರ ಮತ್ತು ಶುಕ್ರವಾರ ಆ ಮನೆಯಲ್ಲಿ ಯಾರೂ ಜಗಳ ಮಾಡುತ್ತಿರಲಿಲ್ಲ. ಆಡಬೇಕಾದ ಮಾತು ಏನಿದ್ದರೂ ಬುಧವಾರಕ್ಕೋ ಶನಿವಾರಕ್ಕೋ ಎತ್ತಿಡುತ್ತಿದ್ದರು. ಆ ಎರಡು ದಿನ ರಹಿಮತಬಿ ಗದಗಿಗೆ ಹೋಗಿ, ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ, ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಅವಳ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಹತ್ತಿರದಲ್ಲಿ ಎಲ್ಲೂ ಜಾಗ ಸಿಕ್ಕಿರಲಿಲ್ಲ. ಗಜೇಂದ್ರಗಡದಿಂದ ಗದಗಿಗೆ ಹೋಗಬೇಕು, ಬರಬೇಕು, ಒಂದು ಸಲವೂ ತಪ್ಪಿಸುವಂತಿಲ್ಲ. ತಪ್ಪಿಸಿದರೆ ಏನಾಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮನೆಯವರಿಗೆ ಅದು ಬಾಯಿಪಾಠವಾಗಿತ್ತು.

ಮನೆಯವರೆಂದರೆ ಐದು ಜನ. ರಹಿಮತಬಿಯ ಗಂಡ ಅಕ್ಬರಸಾಬನಿಗೆ ಎಪ್ಪತ್ತರ ಮೇಲೆ ಎರಡು. ಮಗ ಅಲ್ತಮಶ ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳ ಬಾಡಿ ಕೆಲಸದ ಗ್ಯಾರೇಜು ಇಟ್ಟಿದ್ದ. ಸೊಸೆ ಇಷ್ರತ ಮನೆಗೆಲಸ ಮುಗಿಸಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಮೊಮ್ಮಗಳು ನಾಹೀದ ಏಳನೇ ಇಯತ್ತೆ. ಮನೆಯಲ್ಲಿ ಅಜ್ಜಿಯ ನೀರಿಗೆ ಅವಳೇ ಕಾವಲು. ದಿನಕ್ಕೆ ಒಂದು ಸಣ್ಣ ತಂಬಿಗೆ ಮಾತ್ರ, ಚಹಾ ಕುಡಿದರೆ ಅದರಲ್ಲೇ ಕಡಿತ.

"ನಾಹೀದ, ಬಾಯಿ ಒಣಗಾಕತ್ತೈತಿ. ಒಂದ ಗುಟುಕು ಕೊಡವ್ವಾ."

"ಮುಂಜಾನಿ ಚಾ ಕುಡದೀರಿ ದಾದಿ. ಸಂಜಿ ಮಟ ಇಲ್ಲ."

"ಪೊಲೀಸರ ಮನ್ಯಾಗ ಹುಟ್ಟಬೇಕಾಗಿತ್ತು ನೀ. ತಪ್ಪಿ ಇಲ್ಲಿ ಹುಟ್ಟೀ."

ಗದಗಿನ ದಾರಿಯನ್ನು ಹಗುರ ಮಾಡಿದ್ದವನು ಈಶಪ್ಪ. ಅವನದು ಹದಿನಾರು ವರ್ಷದ ಹಳೆಯ ಬಿಳಿ ವ್ಯಾನು. ರಹಿಮತಬಿ, ರಾಜೂರಿನ ಕಾಶಿಬಾಯಿ, ಇನ್ನೂ ಇಬ್ಬರು ಇಂಥದೇ ರೋಗಿಗಳನ್ನು ಕೂರಿಸಿಕೊಂಡು ವಾರಕ್ಕೆರಡು ಸಲ ಗದಗಿಗೆ ಹೋಗಿಬರುತ್ತಿದ್ದ. ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಸಿದ್ದ. ಬರುವಾಗ ಹೆಚ್ಚು ಸುಸ್ತಾದವರು ಮಲಗಿ ಬರಬಹುದಿತ್ತು. ಉಳಿದವರಿಂದ ಬಾಡಿಗೆ ತೆಗೆದುಕೊಳ್ಳುತ್ತಿದ್ದವನು ರಹಿಮತಬಿಯಿಂದ ಮಾತ್ರ ಮುಟ್ಟುತ್ತಿರಲಿಲ್ಲ. "ಅವ್ವನ್ನ ನಾ ನೋಡ್ಕೋತೀನಿ, ಗಾಡಿ ನೀ ನೋಡ್ಕೋ" ಎಂದು ಅವನಿಗೂ ಅಲ್ತಮಶನಿಗೂ ಮಾತಾಗಿತ್ತು. ಕಾಗದವಿಲ್ಲ, ಸಾಕ್ಷಿಯಿಲ್ಲ, ನಾಲ್ಕು ವರ್ಷದಿಂದ ಸರಿಯಾಗಿ ನಡೆದಿತ್ತು.

ನವೆಂಬರಿನ ಒಂದು ಗುರುವಾರ ಸಂಜೆ ಈಶಪ್ಪ ವ್ಯಾನನ್ನು ನೇರ ಮನೆಯ ಮುಂದೆ ತಂದು ನಿಲ್ಲಿಸಿದ.

"ಅಲ್ತಮಶ, ಹೊರಗ ಬಾ."

ಅಲ್ತಮಶ ಲುಂಗಿ ಸರಿಮಾಡಿಕೊಳ್ಳುತ್ತ ಬಂದ. "ಬರ್ರಿ ಈಶಣ್ಣ, ಚಾ ಕುಡದ..."

"ಚಾ ಬ್ಯಾಡ. ಆರ್‌ಟಿಓದಾಗ ಪಾಸಿಂಗಿಗೆ ಹೋಗಿದ್ದೆ. ಫೇಲ್. ಬಾಗಿಲ ಕೆಳಗ ಸ್ಕ್ರೂಡ್ರೈವರ್ ಒತ್ತಿದ್ರು. ಹಪ್ಪಳದಾಗ ಹೋದಂಗ ಒಳಗ ಹೋತು. ಇದರಾಗ ಪೇಶಂಟ್ ಒಯ್ತಿಯೇನೋ, ನಾಚಿಕಿ ಬರೂದಿಲ್ಲ ಅಂದ್ರು ನನಗ, ನಾಲ್ಕ ಮಂದಿ ಮುಂದ."

"ಹ್ಯಾಂಗ ಆಗತೈತ್ರಿ? ಜಂಗ ಹಿಡೀಬಾರದಂತ ಪೂರಾ ಸೀಲ್ ಮಾಡಿ ಕೊಟ್ಟೀನಲ್ಲ."

"ಕೊಟ್ಟದ್ದ ನೋಡ ಬಾ."

ಅಲ್ತಮಶ ನೆಲದ ಮೇಲೆ ಗೋಣಿಚೀಲ ಹಾಸಿ ಬಾಗಿಲ ಕೆಳಗೆ ಮಲಗಿದ. ತಳದ ಅಂಚಿನಲ್ಲಿ ಗಟ್ಟಿಯಾಗಿ ಕೂತಿದ್ದ, ಸಂದು ಮುಚ್ಚುವ ಸೀಲಂಟನ್ನು ಉಳಿಯ ಮೂತಿಯಿಂದ ಕೆರೆದ. ಮೊದಲು ಒಂದು ಹನಿ ಬಂತು. ಆಮೇಲೆ ಇಟ್ಟಂಗಿ ಬಣ್ಣದ ನೀರು ಪಿಚಕಾರಿಯಂತೆ ಅವನ ಮುಖಕ್ಕೇ ಹೊಡೆಯಿತು. ನಾಹೀದ ಓಡಿಹೋಗಿ ಬಕೆಟ್ ತಂದಿಟ್ಟಳು. ಅರ್ಧ ಬಕೆಟ್ ತುಂಬಿತು.

ಮನೆಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ ರಹಿಮತಬಿ, "ನನಗ ದಿನಕ್ಕ ಒಂದ ತಂಬಗಿ, ಅದಕ್ಕ ಅರ್ಧಾ ಬಕೀಟು" ಎಂದಳು. ಯಾರೂ ನಗಲಿಲ್ಲ.

ಗಾಡಿಯ ಬಾಗಿಲ ತಳದಲ್ಲಿ ಮಾಡಿದವರೇ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಗಾಜಿನ ಸಂದಿಯಿಂದ ಒಳಗಿಳಿದ ನೀರು ಅಲ್ಲಿಂದ ಹೊರಗೆ ಹೋಗಬೇಕು. ಅದರ ಕೆಳಗಿನ ಪೊಳ್ಳು ಪಟ್ಟಿಗೂ ಹಾಗೆಯೇ. ಈ ವ್ಯಾನಿನಲ್ಲಿ ಆ ತೂತುಗಳನ್ನೆಲ್ಲ ಯಾರೋ ಸೀಲಂಟ್ ತುಂಬಿ, ಬೆರಳಿನಿಂದ ಸವರಿ, ಮೇಲೆ ಕಪ್ಪು ಬಣ್ಣವನ್ನೂ ಹೊಡೆದು, ಇದ್ದವೋ ಇಲ್ಲವೋ ಎನ್ನುವ ಹಾಗೆ ಮುಚ್ಚಿದ್ದರು. ಎರಡು ಮಳೆಗಾಲ ಕಳೆದಿತ್ತು. ಅದು ಸಾಲದೆಂದು, ರೋಗಿಗಳು ವಾಂತಿ ಮಾಡಿಕೊಳ್ಳುತ್ತಾರೆಂದು ಈಶಪ್ಪ ಗದಗಿನಿಂದ ಬಂದ ಪ್ರತಿ ಸಂಜೆಯೂ ಪೈಪು ಹಿಡಿದು ತೊಳೆಯುತ್ತಿದ್ದ. ನೀರು ಒಳಗೇ ನಿಂತು ತಗಡನ್ನು ತಿಂದಿತ್ತು.

"ಇವನ್ನ ಮುಚ್ಚಿದವ್ರು ಯಾರು?" ಅಲ್ತಮಶ ಎದ್ದು ಕೂತು ಕೇಳಿದ.

"ನಾನs ಮುಚ್ಚೀನಿ," ಎಂದ ಅಕ್ಬರಸಾಬ. ಮೊಮ್ಮಗಳ ಹೆಗಲು ಹಿಡಿದು ಮುಂದೆ ಬಂದ. ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. "ಒಂದೂ ತೂತು ಬಿಟ್ಟಿಲ್ಲ ನೋಡ."

ಈಶಪ್ಪ ಬೈಯಬೇಕೆಂದೇ ಬಂದವನು. ಮುದುಕನ ಮುಖ ನೋಡಿ ಬಾಯಿ ಬರಲಿಲ್ಲ. ಪಾಸಿಂಗ್ ಇಲ್ಲದ ಗಾಡಿಯನ್ನು ರೋಗಿಗಳನ್ನಿಟ್ಟುಕೊಂಡು ಓಡಿಸಲಾರೆ, ಮೂರು ವಾರದಲ್ಲಿ ಸರಿಮಾಡಿ ಕೊಡು, ಆಗದಿದ್ದರೆ ಗುಜರಿಗೆ ಹಾಕುತ್ತೇನೆ ಎಂದು ಅಲ್ತಮಶನಿಗೆ ಹೇಳಿ, ಕೀಲಿಕೈ ಕೊಟ್ಟು ನಡೆದೇ ಹೋದ. ಮಾರನೆಯ ದಿನ ಶುಕ್ರವಾರ.

ಅಕ್ಬರಸಾಬನದು ತಗಡಿನ ಕೈ. ನಲವತ್ತು ವರ್ಷ ಕೊಡ, ಬಕೆಟ್, ಟ್ರಂಕು, ಕಾಳಿನ ಡಬ್ಬಿ ಮಾಡಿದವನು. ಟ್ರಂಕು ಮುಗಿದ ಕೂಡಲೇ ಅದನ್ನು ಬಿಸಿಲಲ್ಲಿ ತಲೆಯ ಮೇಲೆ ಕವುಚಿಕೊಂಡು ಒಳಗಿನಿಂದ ನೋಡುವನು. ಸೂಜಿಮೊನೆಯಷ್ಟು ಬೆಳಕು ಕಂಡರೂ ಮತ್ತೆ ಬೆಸುಗೆ. ಅವನ ಕೊಡ ಸೋರಿತೆಂದು ಸೂಡಿಯಿಂದಾಗಲಿ ರಾಜೂರಿನಿಂದಾಗಲಿ ಒಬ್ಬರೂ ತಿರುಗಿ ಬಂದವರಿರಲಿಲ್ಲ. ಪ್ಲಾಸ್ಟಿಕ್ ಬಂದು ಆ ಕಸುಬು ಮುಗಿಯಿತು. ಮಗನ ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿಯಲು ತೋಳಿನಲ್ಲಿ ಕಸುವಿರಲಿಲ್ಲ, ಬಣ್ಣ ಹೊಡೆಯಲು ಕಣ್ಣಿಗೆ ಪೊರೆ. ಉಳಿದದ್ದು ಇದೊಂದೇ: ತಗಡು ತಗಡಿಗೆ ಕೂಡುವಲ್ಲಿ ಸೀಲಂಟ್ ಎಳೆಯುವುದು, ಒಂದಕ್ಕೊಂದು ಉಜ್ಜುವಲ್ಲಿ ರಬ್ಬರಿನ ಪಟ್ಟಿ ಅಂಟಿಸುವುದು. "ಜಾಯಿಂಟ್ ಒಂದೂ ಬಿಡಬ್ಯಾಡ್ರಿ ಅಬ್ಬಾ" ಎಂದು ಅಲ್ತಮಶ ಹೇಳಿದ್ದ. ಯಾವುದನ್ನು ಬಿಡಬೇಕು ಎಂದು ಹೇಳಿರಲಿಲ್ಲ. ನಲವತ್ತು ವರ್ಷ ತೂತೆಂದರೆ ಮಾನ ಹೋದಂತೆ ಎಂದು ಬದುಕಿದವನಿಗೆ, ಬೇಕೆಂದೇ ಬಿಟ್ಟ ತೂತೂ ಒಂದಿರುತ್ತದೆ ಎಂದು ಹೊಳೆಯುವುದಾದರೂ ಹೇಗೆ?

ಇನ್ನೊಂದು ಮಾತಿತ್ತು. ಅದು ಇಷ್ರತಳಿಗೆ ಮತ್ತು ಮಾವನಿಗೆ ಮಾತ್ರ ಗೊತ್ತು. ವ್ಯಾನಿಗೆ ಸೀಲಂಟ್ ಹಾಕಿದ ದಿನ ಅಲ್ತಮಶ ಬಣ್ಣ ತರಲು ಹುಬ್ಬಳ್ಳಿಗೆ ಹೋಗಿದ್ದ. ಇಷ್ರತ ಮಾವನಿಗೆ ಬುತ್ತಿ ಕೊಡಲು ಗ್ಯಾರೇಜಿಗೆ ಹೋದಾಗ ಮುದುಕ ಬಾಗಿಲ ತಳವನ್ನು ಕೈಯಿಂದ ತಡವುತ್ತಿದ್ದ. "ಇಷ್ರತ, ನಿನ್ನ ಕಣ್ಣ ಚಲೋ ಅದಾವು, ಎಲ್ಲರೆ ಬೆಳಕ ಕಾಣತೈತೇನ ನೋಡವ್ವಾ" ಎಂದ. ಅವಳು ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, "ಇಲ್ಲೊಂದ ಐತಿ ಅಬ್ಬಾ, ಇಲ್ಲೊಂದ, ಇಲ್ಲೆರಡು" ಎಂದು ಬೆರಳಿಟ್ಟು ತೋರಿಸಿದಳು. ಅವಳು ತೋರಿಸಿದಲ್ಲೆಲ್ಲ ಅವನು ಮುಚ್ಚಿದ. ಈಗ ಒಲೆಯ ಮುಂದೆ ಕೂತವಳಿಗೆ ಹೆಂಚಿನ ಮೇಲಿನ ರೊಟ್ಟಿ ಕರಿಯಾದದ್ದೂ ತಿಳಿಯಲಿಲ್ಲ. ಮಾವ ತನ್ನ ಹೆಸರು ಹೇಳಬಹುದೆಂದು ಕಾದಳು. ಅವನು ಹೇಳಲಿಲ್ಲ.

ಶುಕ್ರವಾರ ಅತ್ತೆ ಸೊಸೆ ಬಸ್ಸು ಹತ್ತಿದರು. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟಿನ ರೊಕ್ಕವಿಲ್ಲ. ಆ ಹೊತ್ತಿನ ಬಸ್ಸಿನಲ್ಲಿ ಜಾಗವೂ ಇಲ್ಲ. ಕಾಲೇಜಿನ ಹುಡುಗರು, ಸಂತೆಯ ಚೀಲಗಳು, ಕಚೇರಿಯವರು. ರಹಿಮತಬಿಯ ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗಾಗಿ ನರ ಕೂಡಿಸಿದ ಉಬ್ಬಿತ್ತು. ಆ ಕೈ ಮೇಲೆ ಭಾರ ಬೀಳಬಾರದು, ಯಾರೂ ಒತ್ತಬಾರದು. ಅದು ಕೆಟ್ಟರೆ ಮತ್ತೆ ಆಪರೇಷನ್.

"ಯಪ್ಪಾ, ಸ್ವಲ್ಪ ಸರೀಯಪ್ಪಾ, ಕೈ ಐತಿ ಅವರದು," ಎಂದು ಇಷ್ರತ ನರೇಗಲ್ಲಿನವರೆಗೂ ಹೇಳುತ್ತಲೇ ಇದ್ದಳು.

"ಕೈ ಎಲ್ಲಾರಿಗೂ ಇರತಾವಬೇ," ಎಂದ ಒಬ್ಬ.

ನರೇಗಲ್ಲಿನಲ್ಲಿ ಒಂದು ಸೀಟು ಸಿಕ್ಕಿತು. ಬರುವಾಗ ಅದೂ ಸಿಗಲಿಲ್ಲ. ಡಯಾಲಿಸಿಸ್ ಆದ ಮೇಲೆ ಮೈಯಲ್ಲಿ ಜೀವವಿರುವುದಿಲ್ಲ. ನಿಂತವಳಿಗೆ ಕಣ್ಣು ಕತ್ತಲೆ ಬಂದು, ಡ್ರೈವರಿನ ಹಿಂದೆ ಗೇರ್ ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತು ಊರು ಮುಟ್ಟಿದಳು. ಮನೆಯಲ್ಲಿ ಅಕ್ಬರಸಾಬ ಅನ್ನಕ್ಕಿಟ್ಟು ತಳ ಹತ್ತಿಸಿದ್ದ.

"ಹ್ಯಾಂಗ ಆತು ಪ್ರಯಾಣ?" ಎಂದು ಕೇಳಿದ.

"ಚಲೋ ಆತ್ರಿ. ಗಾಳಿ ಚಲೋ ಬಂತು," ಎಂದಳು ರಹಿಮತಬಿ. ಗೋಡೆಗೆ ಒರಗಿ ಅಲ್ಲಿಯೇ ನಿದ್ದೆಹೋದಳು.

ಶನಿವಾರ ಎತ್ತಿಟ್ಟ ಜಗಳ ಹೊರಗೆ ಬಂತು. ಊಟಕ್ಕೆ ಕೂತಿದ್ದರು. ಪುಂಡಿಪಲ್ಯ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ರಹಿಮತಬಿಗೆ ಬೇರೆ, ಎರಡು ಸಲ ಕುದಿಸಿ ನೀರು ಬಸಿದ, ಉಪ್ಪಿಲ್ಲದ ಹೀರೆಕಾಯಿ.

"ಅಬ್ಬಾ, ನಾಳಿಂದ ನೀವು ಗ್ಯಾರೇಜಿಗೆ ಬರಬ್ಯಾಡ್ರಿ," ಎಂದ ಅಲ್ತಮಶ.

"ಕೆಡಿಸಿದಾಂವ ನಾ. ಸುಧಾರಸಾಕೂ ನಾನs ಬರತೀನಿ. ತಗಡಿನ ಪತ್ರಾ ಕತ್ತರಿಸಿ ಮಡಚಿ ಕೊಡತೀನಿ, ಪಟ್ಟಿ ಹಂಗs ಕುಂದರತೈತಿ."

"ನಿಮ್ಮ ಕಣ್ಣಿಗೆ ಕಾಣೂದಿಲ್ಲರಿ! ಇನ್ನೂ ಹನ್ನೊಂದ ಗಾಡಿಗೆ ನೀವು ಸೀಲ್ ಮಾಡೀರಿ. ಒಬ್ಬೊಬ್ಬರ ಮನಿಗೆ ಹೋಗಿ, ನಿಮ್ಮ ಗಾಡಿ ತೂತು ಬಿಚ್ಚಾಕ ಬಂದೀನಿ ಅಂತ ಹೇಳಬೇಕು ನಾ. ಚಾದಂಗಡ್ಯಾಗ ಏನ ಅನ್ನಾಕತ್ತಾರ ಗೊತ್ತೈತೇನು? ಅಕ್ಬರಸಾಬ ಗಾಡಿ ಸೀಲ್ ಮಾಡಿಲ್ಲ, ಕೊಡಾ ಮಾಡ್ಯಾನ ಅಂತಾರ."

ಅಕ್ಬರಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

ರಹಿಮತಬಿ ಮಗನ ಕಡೆ ತಿರುಗಿದಳು. "ಗಾಡಿ ಕೊಡೂಮುಂದ ನೀ ಒಮ್ಮಿ ಬಗ್ಗಿ ನೋಡಿದ್ಯೋ ಇಲ್ಲೋ?"

"ಅಬ್ಬಾ ಮಾಡ್ಯಾರ ಅಂತ ನೋಡಲಿಲ್ಲ."

"ಹಂಗಾರ ತಪ್ಪ ಹಂಚ್ಕೊಂಡ ಉಣ್ರಿ. ನನಗೂ ಒಂದ ತುತ್ತು ಇಡ್ರಿ, ಅದರಾಗ ಹಾಸಿಗಿ ಹಾಸ್ಕೊಂಡ ಮಕ್ಕೊಂಡ ಬಂದಾಕಿ ನಾನು."

"ನಗೂ ಮಾತಲ್ಲ ಅಮ್ಮಾ. ಉಪ್ಪ ತಿಂದಾಂವ ನೀರ ಕುಡೀಬೇಕು."

"ನಾ ಉಪ್ಪೂ ತಿಂದಿಲ್ಲ, ನೀರೂ ಕುಡದಿಲ್ಲ. ನನ್ನ ಮುಂದ ಈ ಮಾತ ಹೇಳಬ್ಯಾಡ."

ಇಷ್ರತ ಸೌಟು ಕೆಳಗಿಟ್ಟಳು. ಈಗ ಹೇಳಿಬಿಡಬೇಕು ಎನ್ನಿಸಿತು. ಗಂಡನ ಮುಖ ನೋಡಿದಳು. ಅವನ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು. ಸೌಟು ಎತ್ತಿ ಮತ್ತೆ ಪಲ್ಯ ಬಡಿಸಿದಳು.

ಅಲ್ತಮಶ ಬೇರೆ ಕೆಲಸವೆಲ್ಲ ಬಿಟ್ಟು ವ್ಯಾನಿಗೆ ಬಿದ್ದ. ಹುಬ್ಬಳ್ಳಿಯಿಂದ ತಗಡು ತರಿಸಿದ. ಕೊಳೆತ ಪಟ್ಟಿಯನ್ನು ಕತ್ತರಿಸಿ ತೆಗೆದ; ಒಳಗೆ ಇನ್ನೊಂದು ಪಟ್ಟಿಯೂ ಕೊಳೆತಿತ್ತು. ಅದನ್ನು ತೆಗೆದ, ನೆಲದ ಅಂಚು ಕೈಗೇ ಬಂತು. ಒಳ್ಳೆಯ ತಗಡು ಸಿಕ್ಕಲ್ಲಿ ಹೊಸದನ್ನು ಬೆಸೆಯಬೇಕು. ಒಳ್ಳೆಯದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ಸಿಗಲಿಲ್ಲ. ಅಕ್ಬರಸಾಬ ಬೇಡವೆಂದರೂ ದಿನಾ ಹೋಗಿ ಗ್ಯಾರೇಜಿನ ಎದುರು ಕಟ್ಟೆಯ ಮೇಲೆ ಕೂಡುವನು. ಒಳಗೆ ಕರೆಯುತ್ತಾರೇನೋ ಎಂದು ಮಧ್ಯಾಹ್ನದವರೆಗೆ ಕಾದು ಎದ್ದುಬರುವನು. ಅಪ್ಪ ಕೂತದ್ದು ಮಗನಿಗೆ ಕಾಣುತ್ತಿತ್ತು, ಕರೆಯಲು ಮನಸ್ಸು ಬಾಗುತ್ತಿರಲಿಲ್ಲ. ಇಬ್ಬರದೂ ಒಂದೇ ಹಟ.

ಇತ್ತ ಮಂಗಳವಾರ, ಶುಕ್ರವಾರ ಬಸ್ಸಿನ ಓಡಾಟ ನಡೆದೇ ಇತ್ತು. ಎರಡನೆಯ ವಾರ ಯಾರದೋ ಚೀಲ ತಾಗಿ ರಹಿಮತಬಿಯ ಕೈ ನೀಲಿಗಟ್ಟಿತು. ರಾಜೂರಿನ ಕಾಶಿಬಾಯಿ ಗದಗಿನಲ್ಲಿದ್ದ ಮಗಳ ಮನೆಗೇ ಹೋಗಿ ಉಳಿದಳು. ಯಂತ್ರದ ಪಕ್ಕದ ಹಾಸಿಗೆಯಿಂದ ಅವಳು ಕೇಳಿದಳು, "ನಿನಗ ಇಲ್ಲಿ ಯಾರೂ ಇಲ್ಲೇನ ರಹಿಮತವ್ವಾ?"

"ಯಾರದಾರ ಕಾಶವ್ವಾ? ಒಬ್ಬನ ಮಗಾ. ಅಂವಾ ಗಾಡಿ ಕೆಳಗ ಮಕ್ಕೊಂಡಾನ."

ಇಷ್ರತ ಸಂಜೆ ಬಂದು ಅಡಿಗೆ ಮಾಡಿ, ಉಳಿದ ಹೊತ್ತಿನಲ್ಲಿ ಕುಚ್ಚು ಕಟ್ಟುವಳು. ವಾರಕ್ಕೆ ಎರಡು ದಿನ ಹೋದರೆ ಸೀರೆ ಅರ್ಧಕ್ಕರ್ಧ ಉಳಿಯುತ್ತಿದ್ದವು. ನಾಹೀದ ಬುಧವಾರ ಬುಧವಾರ ಸಾಲಿ ತಪ್ಪಿಸಿ ಬಟ್ಟೆ ಒಗೆಯತೊಡಗಿದಳು. ಮನೆ ಎಲ್ಲ ಕಡೆಯಿಂದಲೂ ಹರಿಯುತ್ತಿತ್ತು.

ಮೂರನೆಯ ವಾರದ ಕೊನೆಗೆ ಈಶಪ್ಪ ಗ್ಯಾರೇಜಿಗೆ ಬಂದ. ಅಲ್ತಮಶ ಗಾಡಿಯ ಕೆಳಗಿನಿಂದ ಹೊರಗೆ ಬರಲೇ ಇಲ್ಲ. ಅಲ್ಲಿಂದಲೇ ಹೇಳಿದ:

"ಈಶಣ್ಣ, ಬುನಾದಿನs ಹೋಗೈತ್ರಿ. ನಾ ಎಷ್ಟ ಬೆಸದ್ರೂ ಇದು ಪಾಸ್ ಆಗೂದಿಲ್ಲ. ಸುಳ್ಳ ಹೇಳಾಕ ಆಗೂದಿಲ್ಲ ನನಗ."

ಈಶಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟ. "ನನ್ನ ಹೊಟ್ಟಿನೂ ಇದರ ಮ್ಯಾಲs ಇತ್ತಪಾ," ಎಂದ. "ನಿಮ್ಮಪ್ಪಗ ನಾ ಏನೂ ಅನ್ನೂದಿಲ್ಲ. ಆದ್ರ ಅವ್ವನ್ನ ಒಯ್ಯಾಕ ಇನ್ನ ನನ್ನ ಕಡೆ ಏನೂ ಉಳದಿಲ್ಲ." ಸೋಮವಾರ ಗುಜರಿಯವರು ಬಂದು ವ್ಯಾನು ಎಳೆದುಕೊಂಡು ಹೋದರು. ಈಶಪ್ಪ ಇಟ್ಟಂಗಿ ಭಟ್ಟಿಯ ಟ್ರ್ಯಾಕ್ಟರ್ ನಡೆಸಲು ನರಗುಂದದ ಕಡೆ ಹೋದ.

ಮಾರನೆಯ ಮಂಗಳವಾರ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಂದವು, ಎರಡರಲ್ಲೂ ಬಾಗಿಲವರೆಗೆ ಜನ ತುಂಬಿ ಕಾಲಿಡಲು ಜಾಗವಿರಲಿಲ್ಲ. ಮೂರನೆಯದು ಬರುವಷ್ಟರಲ್ಲಿ ರಹಿಮತಬಿ ಬೆಂಚಿನಿಂದ ಜಾರಿ ಬಿದ್ದಳು. ಇಷ್ರತ ಅವಳನ್ನು ಆಟೋದಲ್ಲಿ ಮನೆಗೆ ತಂದಳು. ಬುಧವಾರ ಮುಂಜಾನೆಗೆ ಮುಖ ಊದಿತ್ತು. ಮಧ್ಯಾಹ್ನಕ್ಕೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಕೂತರೂ ಸಿಗುತ್ತಿರಲಿಲ್ಲ. ಅಲ್ತಮಶ ಯಾರದೋ ಕಾರು ಬೇಡಿ ತಂದು, ತಾಯಿಯನ್ನು ಇಷ್ರತಳ ತೊಡೆಗೊರಗಿಸಿ ಗದಗಿಗೆ ಓಡಿದ. ನಾಲ್ಕು ದಿನ ಅಲ್ಲಿಯೇ ಇಟ್ಟುಕೊಂಡು ಜೀವ ಉಳಿಸಿ ಕಳಿಸಿದರು. "ಇನ್ನೊಮ್ಮೆ ತಪ್ಪಿಸಿದರೆ ಇಲ್ಲಿಗೆ ಮುಟ್ಟುವುದು ಕಷ್ಟ" ಎಂದೂ ಹೇಳಿ ಕಳಿಸಿದರು.

ಭಾನುವಾರ ಸಂಜೆ ಮನೆಗೆ ಬಂದವಳು ಕೌದಿಯ ಮೇಲೆ ಕೂತು ಹೇಳಿದಳು: "ಇನ್ನ ಸಾಕು. ನಾ ಹೋಗೂದಿಲ್ಲ."

"ಎಲ್ಲಿಗೆ?" ಎಂದ ಅಲ್ತಮಶ, ಗೊತ್ತಿದ್ದೂ.

"ಗದಗಿಗೆ. ನಾಲ್ಕ ವರ್ಷ ಸೂಜಿ ಚುಚ್ಚಿಸ್ಕೊಂಡೆ. ನನಗ ಬ್ಯಾಸರಾಗೇತಿ. ಹೊಟ್ಟಿ ತುಂಬ ನೀರ ಕುಡದು ಸುಮ್ಮನ ಮಕ್ಕೋತೀನಿ."

ನಾಹೀದ ಅಳಲು ಶುರುಮಾಡಿದಳು. ಅಕ್ಬರಸಾಬ ಹೆಂಡತಿಯ ಹತ್ತಿರ ಬಂದು, "ಹಂಗ ಅನಬ್ಯಾಡ ರಹಿಮತ, ಏನರೆ ಮಾಡೂನು, ಅಲ್ತಮಶ ಏನರೆ..." ಎನ್ನುತ್ತಿದ್ದ. ಅಷ್ಟರಲ್ಲಿ ಮಗನ ಒಳಗೆ ನಾಲ್ಕು ವಾರದಿಂದ ಕಟ್ಟಿಕೊಂಡಿದ್ದದ್ದು ಒಡೆಯಿತು.

"ಅಲ್ತಮಶ ಏನ ಮಾಡ್ಬೇಕ್ರಿ? ಏನ ಮಾಡ್ಲಿ ನಾ? ನಿಮ್ಮ ಕೈಯಿಂದ ಅಮ್ಮಾ ಸಾಯಾಕತ್ತಾಳ, ಕಣ್ಣಿಗಂತೂ ಕಾಣೂದಿಲ್ಲ, ತಲ್ಯಾಗರೆ ಹೋಗತೈತೋ ಇಲ್ಲೋ ನಿಮಗ?"

ಮಾತು ಬಾಯಿಂದ ಹೊರಟ ಮೇಲೆ ಅವನೇ ಹೆದರಿದ. ಅಕ್ಬರಸಾಬ ನಿಧಾನ ಎದ್ದು ಹಿತ್ತಲಿಗೆ ಹೋದ. ಆ ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನವೂ ಬರಲಿಲ್ಲ.

"ಅಬ್ಬಾ, ಒಂದ ರೊಟ್ಟಿ ತಿನ್ರಿ," ಎಂದು ಇಷ್ರತ ತಾಟು ಒಯ್ದು ಮುಂದಿಟ್ಟಳು.

"ರೋಜಾ ಹಿಡದೀನಿ."

"ಇದು ಯಾವ ತಿಂಗಳ ರೋಜಾರಿ?"

"ನಂದು."

ಸಂಜೆ ಉಪವಾಸ ಬಿಡುವ ಹೊತ್ತಿಗೂ ಬರೀ ಒಂದು ಕಪ್ ಚಹಾ. ಮಂಗಳವಾರ ಬಂತು. ರಹಿಮತಬಿ ಏಳಲಿಲ್ಲ. ಅಲ್ತಮಶ ಕಾರು ತಂದು ನಿಲ್ಲಿಸಿ, ಕಾಲು ಹಿಡಿದು, ಬೈದು, ಅತ್ತು, ಕೊನೆಗೆ ಮೇಲೆತ್ತಿಕೊಂಡೇ ಒಯ್ದ. ಅವಳು ಹೋಗಿ ಬಂದಳು, ಆದರೆ ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ವಾರಕ್ಕೆರಡು ಸಲ ಕಾರು ತರುವ ಶಕ್ತಿ ಆ ಮನೆಗಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. "ಇದs ಕಡೀದು" ಎಂದಳು ಇಳಿಯುವಾಗ.

ಗುರುವಾರ ಮಧ್ಯಾಹ್ನ ಇಷ್ರತ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಬರಸಾಬ ಹಿತ್ತಲಲ್ಲಿ ಕೂತಿದ್ದ, ನಾಲ್ಕು ದಿನದಿಂದ ಕೂತ ಹಾಗೆಯೇ.

"ಅಮ್ಮಾ, ಒಂದ ಮಾತ ಹೇಳಬೇಕು. ಆ ತೂತು ತೋರಿಸಿದಾಕಿ ನಾನ್ರಿ."

ರಹಿಮತಬಿ ತಿರುಗಲಿಲ್ಲ.

"ಅಬ್ಬಾಗ ಕಾಣತಿದ್ದಿಲ್ಲ. ನಾನs ಬೆರಳಿಟ್ಟ ತೋರಿಸಿದೆ, ಇಲ್ಲೊಂದ ಐತಿ, ಇಲ್ಲೊಂದ ಐತಿ ಅಂತ. ನಾ ತೋರಿಸದಿದ್ರ ಅವರು ಬಿಟ್ಟಬಿಡತಿದ್ರು. ಎಲ್ಲಾ ಬೈಗುಳಾ ಅವರು ತಿಂದ್ರು, ನನ್ನ ಹೆಸರ ಹೇಳಲಿಲ್ಲ. ನೀವು ಹೋದ್ರಂದ್ರ ನಾ ಹ್ಯಾಂಗ ಇರಲಿ ಈ ಮನ್ಯಾಗ? ಯಾರ ಮುಖಾ ನೋಡ್ಲಿ?"

ಸೊಸೆಯ ಕೈ ಕೂದಲಲ್ಲೇ ನಿಂತಿತ್ತು. ರಹಿಮತಬಿ ಆ ಕೈಯನ್ನು ಹಿಡಿದು ಮುಂದಕ್ಕೆ ಎಳೆದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಅಲ್ತಮಶಗ ಹೇಳಿಯೇನ?"

"ಇಲ್ರಿ."

"ಹೇಳಬ್ಯಾಡ. ಗಂಡ ಹೆಂಡ್ತಿ ನಡುವ ಅದು ಹೊಕ್ಕರ ಹೊರಗ ಬರೂದಿಲ್ಲ. ನಾಳೆ ಎಂಟರ ಬಸ್ಸಿಗೆ ನನ್ನ ಬುರಖಾ ತಗದ ಇಡು."

ಶುಕ್ರವಾರ ಮುಂಜಾನೆ ರಹಿಮತಬಿ ತಾನೇ ಎದ್ದಳು. ಅಡಿಗೆಮನೆಗೆ ಹೋಗಿ, ನಾಲ್ಕು ವರ್ಷದಿಂದ ಮುಟ್ಟದ ಹಿಟ್ಟಿನ ಡಬ್ಬಿ ತೆಗೆದು, ಕೂತು ಬಲಗೈಯೊಂದರಿಂದಲೇ ಎರಡು ರೊಟ್ಟಿ ತಟ್ಟಿದಳು. ಅಂಚು ಸೊಟ್ಟಾಗಿದ್ದವು. ತಾಟಿನಲ್ಲಿ ಬದನೆಕಾಯಿ ಪಲ್ಯ ಹಾಕಿಕೊಂಡು ಹಿತ್ತಲಿಗೆ ಒಯ್ದು ಗಂಡನ ಮುಂದಿಟ್ಟಳು.

"ಉಣ್ರಿ."

"ನನಗ ರೋಜಾ..."

"ರೋಜಾ ನನ್ನ ಮುಂದ ಹೇಳಬ್ಯಾಡ್ರಿ. ಅಲ್ಲಾಗ ಹೇಳ್ರಿ. ನೀವು ಉಂಡ್ರ ನಾ ಬಸ್ ಹತ್ತತೀನಿ. ಉಣ್ಣದಿದ್ರ ಇಲ್ಲೇ ಕುಂದರತೀನಿ."

ಮುದುಕ ತಲೆಯೆತ್ತಿದ. ಪೊರೆ ಬಂದ ಕಣ್ಣಿಗೆ ಅವಳ ಊದಿದ ಮುಖ ಎಷ್ಟು ಕಂಡಿತೋ. "ನನ್ನ ಕೈಯಿಂದ ಆತಂತ, ರಹಿಮತ. ಅಂವಾ ಖರೇನs ಅಂದ."

"ಅಂವಾ ಬಾಯಿಬಡಕ. ಹಡದಾಕಿ ನಾ, ನನಗ ಗೊತ್ತಿಲ್ಲೇನು? ಉಣ್ರಿ, ಬಸ್ ಹೋಗತೈತಿ."

ಅವನು ರೊಟ್ಟಿ ಮುರಿದ. ನೀರು ಕುಡಿದ, ಮತ್ತೆ ಮುರಿದ. ಅವಳು ಎದುರಿಗೆ ಕೂತು ಎರಡನೆಯ ರೊಟ್ಟಿಯ ಕೊನೆಯ ಚೂರು ಮುಗಿಯುವವರೆಗೂ ಏಳಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅಲ್ತಮಶ ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ಬಂದು ಅಪ್ಪನ ಕೈಗೆ ನೀರು ಹಾಕಿದ. "ಅಬ್ಬಾ, ಗ್ಯಾರೇಜಿಗೆ ನಡೀರಿ" ಎಂದ, ಅಷ್ಟೇ.

ಬಸ್ಸಿನಲ್ಲಿ ಎಂದಿನ ಹಾಗೆ ಜಾಗವಿರಲಿಲ್ಲ. ಇಷ್ರತ ಅತ್ತೆಯನ್ನು ಕಂಬಕ್ಕೆ ಒರಗಿಸಿ ಎದುರಿಗೆ ನಿಂತಳು. ಬಸ್ಸು ಊರು ದಾಟಿದ ಮೇಲೆ ಕೇಳಿದಳು:

"ಅಮ್ಮಾ, ಇನ್ನ ಬಿಡೂದಿಲ್ಲ ಹೌದಿಲ್ರಿ? ಪ್ರತಿ ಸಲಾ ಬರತೀರಿ ಹೌದಿಲ್ಲ?"

ರಹಿಮತಬಿ ಬಲಗೈಯಿಂದ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು.

"ಬಿಡಬೇಕಂತ ಇದಕಿಂತ ಮೊದಲs ಮನಸ ಮಾಡಿದ್ದೆ ಇಷ್ರತ. ಗಾಡಿ ಇದ್ದಾಗನs. ಭಾಳ ದಣದೀನಿ ನಾ. ಆಗ ಸತ್ತಿದ್ರ ಬ್ಯಾನಿಯಿಂದ ಸತ್ಲು ಅಂತಿದ್ರು. ಈಗ ಸತ್ರ ನಿಮ್ಮ ಮಾವ ಕೊಂದ್ರು ಅಂತಾರ. ನೀನೂ ನಿನ್ನ ಬೆರಳಿಂದ ಆತು ಅಂತ ತಿಳ್ಕೋತಿ." ಉಸಿರು ತೆಗೆದುಕೊಂಡಳು. "ಅವರಕಿಂತ ಒಂದ ದಿನಾ ಹೆಚ್ಚಿಗಿ ಇರಬೇಕು ನಾ. ಅವರನ್ನ ಮಣ್ಣ ಮಾಡಿದ ಮರುದಿನಾ ಬಿಡತೀನಿ. ಆವತ್ತ ನನ್ನ ಎಬ್ಬಸಾಕ ಬರಬ್ಯಾಡ."

ಅಕ್ಬರಸಾಬನಿಗೆ ಕಣ್ಣಿನ ಪೊರೆ ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಅವನ ಅಪ್ಪ ತೊಂಬತ್ತು ದಾಟಿ ಹೋದವನು. ಇಷ್ರತ ಅತ್ತೆಯ ಎಡಗೈ ಮೇಲೆ ಯಾರೂ ಬೀಳದಂತೆ ಎರಡೂ ತೋಳು ಅಗಲಿಸಿ ನಿಂತಳು. ನರೇಗಲ್ಲು ಇನ್ನೂ ದೂರ ಇತ್ತು.